ಮೂರು ಲೀಟರ್ ಆಯಿಲಿನ ಹೊಣೆ

ಕಾರು ಇಟ್ಟುಕೊಂಡವರಲ್ಲಿ ಅದರ ಎಂಜಿನ್ ಆಯಿಲನ್ನು ಕಣ್ಣಾರೆ ಕಂಡವರು ಕಡಿಮೆ. ಪೆಟ್ರೋಲ್ ಮುಗಿಯುತ್ತ ಬಂದರೆ ಮುಳ್ಳು ತೋರಿಸುತ್ತದೆ, ಟೈರಿನ ಗಾಳಿ ಇಳಿದರೆ ಸ್ಟೇರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ. ಆಯಿಲ್ ಹಾಗಲ್ಲ; ಕೆಟ್ಟರೂ ಕಡಿಮೆಯಾದರೂ ಬಹಳ ದಿನ ಸದ್ದಿಲ್ಲದೆ ಇರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯಂಥ ಕೆಂಪು ದೀಪ ಹೊತ್ತಿದಾಗ ಹಾಕಿಸಿದರಾಯಿತು ಎಂದು ನಂಬಿ ಕೂತವರೂ ಇದ್ದಾರೆ. ಆ ದೀಪ ಹೇಳುವುದು ಆಯಿಲಿನ ಒತ್ತಡವೇ ಕುಸಿದಿದೆ ಎಂದು. ಅದು ಹೊತ್ತಿದ ಮೇಲೂ ಓಡಿಸಿದರೆ ಬೇರಿಂಗ್ ಸುಟ್ಟು ಎಂಜಿನ್ ಸೀಜ್ ಆಗುವುದಕ್ಕೆ ಹೆಚ್ಚು ಹೊತ್ತು ಬೇಡ. ಆದ್ದರಿಂದ ಕಾರು ಇರುವ ಗಂಡಸರಾಗಲಿ ಹೆಂಗಸರಾಗಲಿ ಒಮ್ಮೆಯಾದರೂ ತಮ್ಮ ಕೈಯಾರೆ ಆಯಿಲ್ ಬದಲಾಯಿಸಬೇಕು ಎಂಬುದು ನನ್ನ ವಾದ. ಎರಡನೆಯ ಸಲದಿಂದ ಗ್ಯಾರೇಜಿಗೇ ಬಿಡಲಿ, ಚಿಂತೆಯಿಲ್ಲ. ಯಾವ ಆಯಿಲ್, ಎಷ್ಟು, ಯಾವಾಗ ಎಂಬ ಮೂರು ತೀರ್ಮಾನಗಳು ಗಾಡಿ ಓಡಿಸುವವರ ಪಾಲಿನವು. ಅದು ಮನಸ್ಸಿಗೆ ಇಳಿಯಲು ಆ ಒಂದು ಸಲ ಬೇಕೇ ಬೇಕು.

ಈ ಮೂರರಲ್ಲಿ ಹೆಚ್ಚು ಜನ ಎಡವುವುದು ‘ಯಾವಾಗ’ ಎಂಬಲ್ಲಿ. ಇಂದಿನ ಹಲವು ಪೆಟ್ರೋಲ್ ಕಾರುಗಳ ಕೈಪಿಡಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಎನ್ನುತ್ತದೆ. ಅದೇ ಕೈಪಿಡಿಯ ಮತ್ತೊಂದು ಪುಟದಲ್ಲಿ, ಧೂಳಿನ ರಸ್ತೆ, ಗಿಡ್ಡ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್ ಇದ್ದರೆ ಇನ್ನೂ ಬೇಗ ಬದಲಾಯಿಸಿ ಎಂದೂ ಇರುತ್ತದೆ. ಆ ಪುಟ ಓದಿದವರು ಅಪರೂಪ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನವೂ ಹೋಗಿಬರುವವರಿಗೆ ಬರೆದದ್ದು ಆ ಪುಟವೇ. ಲೆಕ್ಕ ಸುಲಭ. ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60 ಕಿ.ಮೀ.ನಂತೆ 10,000 ಕಿ.ಮೀ. ಓಡಿದ ಎಂಜಿನ್ ದುಡಿದದ್ದು ಸುಮಾರು 167 ಗಂಟೆ. ಊರೊಳಗೆ ಸರಾಸರಿ 20 ಕಿ.ಮೀ.ನಂತೆ ಅಷ್ಟೇ ದೂರ ಸಾಗಿದ್ದು 500 ಗಂಟೆ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ, ಆಯಿಲ್ ಬೆಂದದ್ದು ಮಾತ್ರ ಮೂರು ಪಟ್ಟು. ನಮ್ಮ ರೈತರು ಈ ವಿಷಯದಲ್ಲಿ ಮುಂದೆ. ಟ್ರ್ಯಾಕ್ಟರಿನಲ್ಲಿ ಗಂಟೆ ಎಣಿಸುವ ಮೀಟರೇ ಇರುತ್ತದೆ, ಆಯಿಲ್ ಬದಲಾಯಿಸುವುದೂ ಗಂಟೆಯ ಲೆಕ್ಕದಲ್ಲಿ. ಇನ್ನು ಮನೆಯಿಂದ ಮಾರುಕಟ್ಟೆಗೆ ಹೋಗಿ ಬರುವುದಷ್ಟೇ ಕೆಲಸವಾದ ಕಾರಿನ ಕಷ್ಟ ಬೇರೆ. ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಆಯಿಲಿಗೆ ಸೇರಿದ ತೇವ, ಉರಿಯದೆ ಉಳಿದ ಪೆಟ್ರೋಲ್ ಆವಿಯಾಗದೆ ಅಲ್ಲೇ ಉಳಿಯುತ್ತವೆ. ಓಡಿದ್ದು ಕಡಿಮೆ ಎಂದು ಎರಡು ಮೂರು ವರ್ಷ ಅದೇ ಆಯಿಲಿನಲ್ಲಿ ಸಾಗಿಸುವವರು ಉಳಿತಾಯ ಮಾಡುತ್ತಿಲ್ಲ, ಎಂಜಿನ್ನಿನ ಆಯಸ್ಸು ಕಳೆಯುತ್ತಿದ್ದಾರೆ.

ಇದನ್ನೆಲ್ಲ ಓದಿಯೇ ತಿಳಿಯಬಹುದಲ್ಲ, ಕೈ ಮಸಿ ಮಾಡಿಕೊಳ್ಳುವುದೇಕೆ ಎಂದು ಕೇಳಬಹುದು. ಓದಿದ್ದು ಕಣ್ಣಿಗೆ ಕಟ್ಟುವುದು ಎಂಜಿನ್ನಿನಡಿ ಆಯಿಲ್ ನಿಲ್ಲುವ ಚೇಂಬರಿನ ತಳದ ಡ್ರೈನ್ ಬೋಲ್ಟ್ ಬಿಚ್ಚಿದಾಗ. ಎಂಜಿನ್ನನ್ನು ನಾಲ್ಕೈದು ನಿಮಿಷ ಓಡಿಸಿ, ಸ್ವಲ್ಪ ಆರಲು ಬಿಟ್ಟರೆ ಆಯಿಲ್ ತೆಳ್ಳಗಾಗಿ ಸರಾಗ ಇಳಿಯುತ್ತದೆ. ಮೊದಲ ಧಾರೆ ಕಮಾನಿನಂತೆ ಬಾಗಿ ದೂರ ಬೀಳುತ್ತದೆ, ಕಡಿಮೆಯಾಗುತ್ತ ಬಂದಂತೆ ನೆಟ್ಟಗೆ ಕೆಳಕ್ಕೆ; ಅದಕ್ಕೆ ತಕ್ಕಂತೆ ಕೆಳಗಿಟ್ಟ ತಟ್ಟೆ ಸರಿಸಬೇಕು. ಬಣ್ಣ ಕಪ್ಪಾಗಿದ್ದ ಮಾತ್ರಕ್ಕೆ ಗಾಬರಿ ಬೇಡ: ಮಸಿಯನ್ನು ಗಂಟುಕಟ್ಟಲು ಬಿಡದೆ ತನ್ನಲ್ಲೇ ಹಿಡಿದಿಡುವುದು ಆಯಿಲಿಗೆ ಬೆರೆಸಿದ ರಾಸಾಯನಿಕಗಳ ಕೆಲಸ, ಡೀಸೆಲ್ ಎಂಜಿನ್ನಿನಲ್ಲಂತೂ ಹೊಸ ಆಯಿಲ್ ಬಹು ಬೇಗ ಕಪ್ಪಾಗುತ್ತದೆ. ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ನೀರೋ ಕೂಲಂಟೋ ಸೇರಿರಬಹುದು. ಕಣ್ಣಿಗೆ ಕಾಣುವಷ್ಟು ದೊಡ್ಡ ಲೋಹದ ಚೂರು ಮಿನುಗಿದರೆ ಅಂದೇ ಮೆಕ್ಯಾನಿಕ್ಕನ್ನು ಕರೆಸಬೇಕು. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಬಳೆ ಕೆಲವೊಮ್ಮೆ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ನೋಡದೆ ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಗಾಡಿ ಹೊರಟ ಮೇಲೆ ಆಯಿಲೆಲ್ಲ ರಸ್ತೆ ಪಾಲಾದೀತು. ಹೊಸ ಬಳೆಗೆ ಹೊಸ ಆಯಿಲ್ ಸವರಿ, ಅದು ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸಾಕು, ಪಾನಾ ಬೇಕಿಲ್ಲ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ ಹದವಾಗಿ ಬಿಗಿಯಬೇಕು. ಎಷ್ಟೋ ಕಾರುಗಳ ಚೇಂಬರ್ ಅಲ್ಯೂಮಿನಿಯಮ್ಮಿನದು, ಮೈಮೇಲೆ ಬಿದ್ದು ಬಿಗಿದರೆ ಥ್ರೆಡ್ ಹೋಗುತ್ತದೆ. ಸಣ್ಣ ಪೆಟ್ರೋಲ್ ಕಾರಿಗೆ ಮೂರು ಲೀಟರಿನ ಆಸುಪಾಸು ಸಾಕು. ನಿಖರ ಅಳತೆ, ಗ್ರೇಡ್ ಎರಡೂ ಕೈಪಿಡಿಯಲ್ಲಿವೆ. ಹೆಚ್ಚು ಸುರಿದರೆ ಒಳ್ಳೆಯದೆಂಬ ಭಾವನೆಯೂ ತಪ್ಪು. ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸಿದರೆ ಪಂಪು ಗಾಳಿ ಎಳೆಯುತ್ತದೆ. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ನಿಂತರೆ ಸರಿ.

ಆಕ್ಷೇಪಗಳಲ್ಲಿ ಬಲವಾದದ್ದು ವಾರಂಟಿಯದು. ಅದಕ್ಕೆ ನಾನು ತಲೆಬಾಗುತ್ತೇನೆ: ವಾರಂಟಿ ಇರುವಷ್ಟು ಕಾಲ ಕಂಪನಿ ಹೇಳಿದ ಕಡೆಯೇ ಸರ್ವಿಸ್ ಆಗಲಿ, ಈ ಪ್ರಯೋಗ ಅದು ಮುಗಿದ ಮೇಲಿನ ಗಾಡಿಗೆ. ಹಣ ಉಳಿಯುವುದು ಅಷ್ಟಕ್ಕಷ್ಟೇ, ಅದನ್ನು ವಾದಕ್ಕೆ ತರುವುದಿಲ್ಲ. ಮೆಕ್ಯಾನಿಕ್ಕಿನ ಹೊಟ್ಟೆಪಾಡಿಗೆ ಕಲ್ಲು ಹಾಕಿದಂತಾಗದೇ ಎನ್ನುವವರು ಇದ್ದಾರೆ. ಕೆಲಸ ಬಲ್ಲ ಗಿರಾಕಿಯಿಂದ ನಷ್ಟವಾಗುವುದು ಫಿಲ್ಟರ್ ಬದಲಾಯಿಸದೆ ಬಿಲ್ ಬರೆಯುವವನಿಗೆ. ಪ್ರಾಮಾಣಿಕ ಮೆಕ್ಯಾನಿಕ್ಕಿನ ಕೂಲಿಯ ಬೆಲೆ ಅರಿತು ಕೊಡುವವರು ಅವನ ಕಷ್ಟ ಒಮ್ಮೆ ಉಂಡವರೇ. ಅಪಾಯದ ಮಾತಿಗೆ ಮಾತ್ರ ರಿಯಾಯಿತಿಯಿಲ್ಲ. ಡಿಕ್ಕಿಯಲ್ಲಿರುವ ಜಾಕ್ ಚಕ್ರ ಬದಲಾಯಿಸುವುದಕ್ಕಷ್ಟೇ. ಅದೊಂದನ್ನೇ ನೆಚ್ಚಿ ಕಾರಿನಡಿ ಯಾರೂ ತಲೆ ತೂರಿಸಬಾರದು. ಸಮನೆಲ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡಗಲ್ಲು, ಭಾರ ಹೊರುವ ಸ್ಟ್ಯಾಂಡ್ ಇವಿಷ್ಟು ಇಲ್ಲವಾದರೆ ಪರಿಚಯದ ಗ್ಯಾರೇಜಿನಲ್ಲಿ, ಮೆಕ್ಯಾನಿಕ್ ಪಕ್ಕದಲ್ಲಿರುವಾಗ ಮಾಡಿ.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ, ಇಳಿಸಿದ ಹಳೆಯ ಆಯಿಲನ್ನು ಏನು ಮಾಡುವುದು ಎಂಬುದು. ನಮ್ಮಲ್ಲಿ ಅದು ಸೆಂಟ್ರಿಂಗ್ ಹಲಗೆಗೆ, ಗೆದ್ದಲು ಹತ್ತಿದ ಕಂಬಕ್ಕೆ, ಬೇಡವಾದರೆ ಮೋರಿಗೆ ಹೋಗುತ್ತದೆ. ಬಳಸಿದ ಆಯಿಲಿನಲ್ಲಿ ಎಂಜಿನ್ ಸವೆದ ಲೋಹದ ಪುಡಿಯಿದೆ, ಇಂಧನ ಉರಿದು ಹುಟ್ಟಿದ ಕ್ಯಾನ್ಸರ್‌ಕಾರಕ ವಸ್ತುಗಳಿವೆ. ಕೈಗವಸು ಹಾಕಿಕೊಳ್ಳಿ ಎನ್ನುವುದು ಅದಕ್ಕೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ, 2024ರ ಏಪ್ರಿಲ್ 1ರಿಂದ ಇದರ ಮರುಬಳಕೆಯ ಹೊಣೆಯನ್ನು ಆಯಿಲ್ ತಯಾರಕರ ಮೇಲೂ ಹೊರಿಸಲಾಗಿದೆ. ಶುದ್ಧೀಕರಿಸಿದರೆ ಮತ್ತೆ ಆಯಿಲ್ ಆಗುವ ಸರಕು ಇದು. ಆದರೆ ಮನೆಯಂಗಳದಲ್ಲಿ ಇಳಿಸಿದ ಮೂರು ಲೀಟರನ್ನು ಕೇಳಿಕೊಂಡು ಬರುವ ವ್ಯವಸ್ಥೆ ನಮ್ಮ ಊರುಗಳಲ್ಲಿ ಬೇರೂರಿಲ್ಲ. ಅದನ್ನು ತಲುಪಿಸುವ ದಾರಿ ಗೊತ್ತಾಗುವ ತನಕ ಬೋಲ್ಟಿಗೆ ಕೈ ಹಾಕಬೇಡಿ ಎಂದೇ ನಾನು ಹೇಳುವೆ. ಅಧಿಕೃತ ಮರುಸಂಸ್ಕರಣಾ ಘಟಕಕ್ಕೆ ಕೊಡುವ ಗ್ಯಾರೇಜು ಯಾವುದೆಂದು ಮೊದಲೇ ವಿಚಾರಿಸಿ. ಹೊಸ ಆಯಿಲ್ ಬಂದ ಡಬ್ಬಿಯಲ್ಲೇ ಹಳೆಯದನ್ನು ತುಂಬಿ, ನೀರು, ಕೂಲಂಟ್, ಪೆಟ್ರೋಲ್ ಯಾವುದನ್ನೂ ಬೆರೆಸದೆ ಮುಚ್ಚಳ ಬಿಗಿದು, ಫಿಲ್ಟರನ್ನು ಬೋರಲು ಹಾಕಿ ಆಯಿಲ್ ಬಸಿದು, ಎರಡನ್ನೂ ಅಂದೇ ಅಲ್ಲಿಗೆ ಮುಟ್ಟಿಸಿ ಬನ್ನಿ.