ಕೇಳದೆ ಬರೆದ ಐದು ಸಾಲು

ಮೂರು ವರ್ಷದ ಹಿಂದಿನ ಮೇ ತಿಂಗಳು. ನಾವು ಎಪಿಎಂಸಿಯಲ್ಲಿ ಶೇಂಗಾ ದರದ ಸುದ್ದಿಗೆ ಕೂತಿದ್ದೆವು. ಒಂದು ಹಳ್ಳಿಯಿಂದ ಫೋನ್ ಬಂತು. ‘ನಮ್ಮೂರಾಗ ಪಾದ್ರಿ ಟ್ರೇನಿಂಗ್ ಮಾಡೂ ಹುಡುಗ ಹುಡುಗ್ರನ್ನ ಕೂಡಿಸ್ಕೊಂಡು ಮತಾಂತರ ಮಾಡಾಕತ್ತಾನ್ರಿ. ಪೊಲೀಸ್ರು ಬಂದಾರ, ಲಗೂ ಬರ್ರಿ.’

ಹಳ್ಳಿ ಮೂವತ್ತು ಕಿಲೋಮೀಟರ್ ದೂರ. ನಾವು ಹೋಗಲಿಲ್ಲ. ಫೋನ್ ಮಾಡಿದವನ ಮಾತು, ಠಾಣೆಯಿಂದ ಸಿಕ್ಕ ಒಂದು ಸಾಲು, ಇಷ್ಟನ್ನೇ ಇಟ್ಟುಕೊಂಡು ಐದು ಸಾಲು ಕಳಿಸಿದೆವು. ಮರುದಿನ ಒಳಪುಟದಲ್ಲಿ ‘ಮತಾಂತರ ಶಂಕೆ: ಯುವಕನ ವಿಚಾರಣೆ’ ಎಂದು ಬಂತು. ಹುಡುಗನ ಹೆಸರು ಇರಲಿಲ್ಲ, ಊರಿನ ಹೆಸರು ಇತ್ತು. ಸಣ್ಣ ಊರಿಗೆ ಅಷ್ಟು ಸಾಕು.

ಆಮೇಲೆ ತಿಳಿದದ್ದು ಇಷ್ಟು. ಆ ಹುಡುಗನ ಮನೆತನ ಮುತ್ತಜ್ಜನ ಕಾಲದಿಂದ ಕ್ರೈಸ್ತರು. ಅವನು ದೇವಜ್ಞಾನ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸಿ ರಜೆಗೆ ಬಂದಿದ್ದ. ತಮ್ಮದೇ ಸಭೆಯ ಮಕ್ಕಳಿಗೆ, ತಮ್ಮದೇ ಚರ್ಚಿನ ಅಂಗಳದಲ್ಲಿ ಹತ್ತು ದಿನದ ಬೇಸಿಗೆ ಶಾಲೆ ನಡೆಸುತ್ತಿದ್ದ. ಹಾಡು, ಕಥೆ, ಚಿತ್ರ ಬಿಡಿಸುವುದು. ಆಟಕ್ಕೆಂದು ಬಾಜು ಮನೆಯ ಇಬ್ಬರು ಹುಡುಗರೂ ಬಂದು ಕೂತಿದ್ದರು. ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದರು. ಕೇಸು ಇಲ್ಲ, ದೂರೂ ಇಲ್ಲ. ಆದರೆ ನಮ್ಮ ಐದು ಸಾಲು ವಾಟ್ಸಾಪಿನಲ್ಲಿ ಊರೆಲ್ಲ ತಿರುಗಿತು. ಅವನ ಅಪ್ಪ ಟೇಲರ್. ಆ ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್ ಹೊಲಿಗೆ ಅವರ ಅಂಗಡಿಗೆ ಬರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಪಲ್ಟಿಯಾದ ಸುದ್ದಿಗೆ ಜಿಲ್ಲಾ ಆಸ್ಪತ್ರೆಗೆ ಹೋಗಿದ್ದೆವು. ಗಂಡಸರ ವಾರ್ಡಿನಲ್ಲಿ ಒಬ್ಬ ಹುಡುಗ ಮುದುಕನೊಬ್ಬನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ. ಮಾತಿಲ್ಲ, ಪುಸ್ತಕವಿಲ್ಲ. ಮುದುಕನ ಕೈ ಹಿಡಿದುಕೊಂಡಿದ್ದ, ಅಷ್ಟೇ. ನಮ್ಮ ಕೊರಳಲ್ಲಿದ್ದ ಗುರುತಿನ ಕಾರ್ಡ್ ನೋಡಿ ಎದ್ದು ಬಂದ.

‘ಆ ಬೇಸಿಗಿ ಶಾಲಿ ಸುದ್ದಿ ಬರದವ್ರು ನೀವ ಅಲ್ರಿ?’

‘ಹೌದು’ ಅಂದೆವು.

‘ನಾ ಅಲ್ಲೇ ಇದ್ನಿ ಅಣ್ಣಾರ. ಒಂದು ಮಾತು ಕೇಳಿದ್ರ ಹೇಳ್ತಿದ್ನಿ.’

ಅಷ್ಟು ಹೇಳಿ ಮತ್ತೆ ಹೋಗಿ ಮುದುಕನ ಪಕ್ಕ ಕೂತ. ಬೈದಿದ್ದರೆ ನಾವೂ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆವು. ಅವನು ಬೈಯಲಿಲ್ಲ.

ಮಳೆಗಾಲದಲ್ಲಿ ಅವನ ನಂಬರ್ ಹುಡುಕಿ ಫೋನ್ ಮಾಡಿದೆವು. ‘ನಿಮ್ಮ ಟ್ರೇನಿಂಗ್ ಅಂದರೆ ಏನು, ಒಮ್ಮೆ ನೋಡಬೇಕು’ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಬರ್ರಿ’ ಅಂದ. ಕಾಲೇಜಿನ ಹೆಸರು, ತನ್ನ ಹೆಸರು ಬೇಡ ಅಂದ. ಎರಡು ದಿನ ಅಲ್ಲಿದ್ದೆವು.

ನಾವು ಅಂದುಕೊಂಡದ್ದು ಬೇರೆ. ಭಾಷಣ ಮಾಡುವುದು ಹೇಗೆ, ಜನರನ್ನು ಒಲಿಸುವುದು ಹೇಗೆ ಎಂದು ಕಲಿಸುತ್ತಾರೆ ಎಂದುಕೊಂಡಿದ್ದೆವು. ಅಂಥ ಶಿಬಿರಗಳು ಇಲ್ಲವೆಂದಲ್ಲ. ಈ ಹುಡುಗನೇ ಡಿಗ್ರಿ ಮುಗಿಸಿದ ಮೇಲೆ ಮೂರು ತಿಂಗಳು ಒಂದು ಸುವಾರ್ತಾ ಶಿಬಿರದಲ್ಲಿದ್ದ. ಅಲ್ಲಿ ಸಂಜೆಗೊಮ್ಮೆ ಲೆಕ್ಕ ಕೊಡಬೇಕು. ಎಷ್ಟು ಮನೆ, ಎಷ್ಟು ಕರಪತ್ರ, ಎಷ್ಟು ಜನರ ಕೂಡ ಪ್ರಾರ್ಥನೆ.

‘ಆಗ ನಾ ಬಾಳ ಜೋರ್ ಇದ್ನಿ ಅಣ್ಣಾರ. ಯಾರು ಏನ್ ಕೇಳಿದ್ರೂ ನನ್ನ ಕಡೆ ಉತ್ತರ ಇರ್ತಿತ್ತು’ ಎಂದು ನಕ್ಕ.

ಕಾಲೇಜಿಗೆ ಬಂದ ಮೊದಲ ವರ್ಷ ಆ ಜೋರು ಇಳಿಯಿತು. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡ. ಅದರ ಮೊದಲ ಅಧ್ಯಾಯದಲ್ಲಿ ಗಿಡಮರ, ಪ್ರಾಣಿ ಎಲ್ಲ ಆದ ಮೇಲೆ ಕೊನೆಗೆ ಮನುಷ್ಯ ಬರುತ್ತಾನೆ. ಎರಡನೇ ಅಧ್ಯಾಯದಲ್ಲಿ ಮನುಷ್ಯ ಮೊದಲು, ಗಿಡಮರ ಪ್ರಾಣಿಗಳು ಆಮೇಲೆ. ಸಣ್ಣವನಿದ್ದಾಗಿಂದ ಓದಿದ್ದ, ಆದರೆ ಗಮನಿಸಿರಲಿಲ್ಲ. ಗುರುಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಸಿದ ದಿನ ರಾತ್ರಿ ಊಟ ಸೇರಲಿಲ್ಲವಂತೆ. ‘ನಂಬಿಕಿ ಕಲಿಸ್ತಾರ ಅಂತ ಬಂದ್ರ ಇದ್ದದ್ದನ್ನೂ ಕಳೀತಾರ ಅನಿಸ್ತು’ ಅಂದ. ಒಂದು ವಾರ ಪ್ರಾರ್ಥನೆಗೆ ಕೂತರೂ ಬಾಯಿ ಬರಲಿಲ್ಲ.

ಗುರುಗಳು ಗದರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೀಬ್ರೂ ಭಾಷೆಯ ಪಾಠ ಮುಂದುವರಿಸಿದರು. ಒಂದು ದಿನ ಬೋರ್ಡಿನ ಮೇಲೆ ‘ರೂಆಖ್’ ಎಂಬ ಪದ ಬರೆದರು. ಆತ್ಮ ಅಂದರೂ ಅದೇ, ಗಾಳಿ ಅಂದರೂ ಅದೇ, ಉಸಿರು ಅಂದರೂ ಅದೇ. ‘ಉಸಿರು ಜೋರು ಮಾಡಿದ್ರ ಬೆಳಿಯೂದಲ್ರಿ, ತಾನ ಆಡಬೇಕು’ ಎಂದು ಅವನಿಗೆ ಹೊಳೆದದ್ದು ಆಗ. ಅಲ್ಲಿಂದ ಸಣ್ಣಗೆ ಮತ್ತೆ ಪ್ರಾರ್ಥನೆ ಶುರುವಾಯಿತು.

ಅವನ ದಿನಚರಿ ನೋಡಿದೆವು. ಬೆಳಿಗ್ಗೆ ಐದೂವರೆಗೆ ಗಂಟೆ. ಅರ್ಧ ತಾಸು ಯಾರೂ ಮಾತಾಡುವಂತಿಲ್ಲ. ಆಮೇಲೆ ಚಾಪೆಲ್, ತಿಂಡಿ, ಪಾಠ. ಸಂಜೆ ಪಾಳಿ ಪ್ರಕಾರ ಕಸ, ಪಾತ್ರೆ, ತೋಟ. ಚರ್ಚಿನ ಇತಿಹಾಸದ ಜೊತೆಗೆ ಬೇರೆ ಧರ್ಮಗಳ ಪಾಠವೂ ಇದೆ. ಅವನ ಕಪಾಟಿನಲ್ಲಿ ಸತ್ಯವೇದದ ಪಕ್ಕ ಬಸವಣ್ಣನವರ ವಚನಗಳ ಪುಸ್ತಕ ಇತ್ತು, ಅಂಚಿನಲ್ಲಿ ಪೆನ್ಸಿಲ್ ಗುರುತು ಇತ್ತು.

ನಮ್ಮ ಕಡೆಯವರಿಗೆ ಮಿಶನರಿ ತರಬೇತಿಯ ಹಳೆಯ ಕಥೆ ಸ್ವಲ್ಪ ಗೊತ್ತಿದೆ, ಆದರೆ ಅದನ್ನು ತರಬೇತಿಯ ಕಥೆ ಎಂದು ನೋಡಿಲ್ಲ. ಜುಲೈ 1 ಬಂತೆಂದರೆ ನಾವು ವರದಿಗಾರರೆಲ್ಲ ಹರ್ಮನ್ ಮೊಗ್ಲಿಂಗ್ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ. 1843ರ ಅದೇ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಅವರನ್ನು ಕಳಿಸಿದ್ದು ಬಾಸೆಲ್ ಮಿಶನ್. ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಅದರ ಜನ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಶುರುವಾದ ಸೆಮಿನರಿಯೇ ಇಂದಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಬೇರು.

ಬಾಸೆಲ್‌ನ ತರಬೇತಿ ಮನೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ನಮ್ಮಂಥವರೇ, ಹಳ್ಳಿಯ ರೈತರು, ನೇಕಾರರು, ಬಡಗಿಗಳ ಮಕ್ಕಳು. ಸೇರುವಾಗ ಪ್ರತಿಯೊಬ್ಬನೂ ತನ್ನ ಜೀವನದ ಕಥೆ ಬರೆದು ಕೊಡಬೇಕು. ತನ್ನ ಮನಸ್ಸು ದೇವರ ಕಡೆ ಯಾವಾಗ, ಹೇಗೆ ತಿರುಗಿತು ಎಂದು ಅದರಲ್ಲಿ ಹೇಳಬೇಕು. ಮನೆಯ ನಿಯಮ ಬಿಗಿ. ಕಮಿಟಿಯ ಒಪ್ಪಿಗೆ ಇಲ್ಲದೆ ಮದುವೆಯನ್ನೂ ಮಾಡಿಕೊಳ್ಳುವಂತಿರಲಿಲ್ಲ. ಅಂಥ ಬಿಗಿಯಲ್ಲಿ ಕೆಲವರು ಪಳಗಿದರು, ಕೆಲವರು ಗಡುಸಾದರು.

ಫರ್ಡಿನೆಂಡ್ ಕಿಟೆಲ್ ಅಲ್ಲಿಯೇ ಕಲಿತು 1853ರಲ್ಲಿ ಇಲ್ಲಿಗೆ ಬಂದವರು. ಕಲಿಸಲೆಂದು ಬಂದ ಮನುಷ್ಯ ಇಲ್ಲಿ ಮತ್ತೆ ವಿದ್ಯಾರ್ಥಿಯಾದರು. ಜನರ ಮಾತು, ಗಾದೆ ಬರೆದುಕೊಂಡರು, ಕೇಶಿರಾಜನ ‘ಶಬ್ದಮಣಿದರ್ಪಣ’ ಸಂಪಾದಿಸಿದರು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಬಂತು. ಬಂದ ದಿನದಿಂದ ಲೆಕ್ಕ ಹಾಕಿದರೆ 41 ವರ್ಷ. ಅಷ್ಟು ವರ್ಷ ಬೇರೆಯವರ ಮಾತಿಗೆ ಕಿವಿಗೊಟ್ಟು ಕೂಡುವುದೂ ಒಂದು ಸಾಧನೆ ಎಂದು ನಮಗೆ ಅನಿಸುತ್ತದೆ.

ಇನ್ನೊಂದು ಹೆಸರೂ ಇದೆ, ಅದು ಅಷ್ಟು ಹಗುರಲ್ಲ. ಆನಂದರಾವ್ ಕೌಂಡಿಣ್ಯ ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದ. ಊರಲ್ಲಿ ದೊಡ್ಡ ಗಲಾಟೆಯಾಯಿತು. 1846ರಲ್ಲಿ ಮೊಗ್ಲಿಂಗ್ ಅವರ ಜೊತೆ ಬಾಸೆಲ್‌ಗೆ ಹೋಗಿ ತರಬೇತಿ ಪಡೆದು 1851ರಲ್ಲಿ ತಿರುಗಿ ಬಂದು, ಮಂಗಳೂರಿನಲ್ಲಿ ಪಾಠ ಹೇಳಿದರು. ಆದರೆ ಮೊದಲ ಹೆಂಡತಿ ಅವರ ಹಾದಿಗೆ ಬರಲಿಲ್ಲ. ಒಬ್ಬರ ಆತ್ಮ ಬೆಳೆಯುವಾಗ ಅದರ ಬೆಲೆಯನ್ನು ಮನೆಯಲ್ಲಿ ಇನ್ನೊಬ್ಬರೂ ತೆರುತ್ತಾರೆ. ಈ ಕಥೆಯನ್ನು ಹುಡುಗನ ಮುಂದೆ ಎತ್ತಿದಾಗ ಅವನು ತಲೆ ತಗ್ಗಿಸಿ ‘ನಮ್ಮಪ್ಪನ ಅಂಗಡಿ ನೆನಪಾತ್ರಿ’ ಅಂದ. ನಮಗೂ ಅದೇ ನೆನಪಾಗಿತ್ತು.

ಎರಡನೇ ದಿನ ಅವನು ಆಸ್ಪತ್ರೆಯ ಕಲಿಕೆಯ ಬಗ್ಗೆ ಹೇಳಿದ. ಇದು ನಮಗೆ ಎಲ್ಲಕ್ಕಿಂತ ಹೆಚ್ಚು ತಾಗಿತು. 1925ರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ಎಂಬ ಪಾದ್ರಿ ದೇವಜ್ಞಾನ ವಿದ್ಯಾರ್ಥಿಗಳನ್ನು ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಈ ಪದ್ಧತಿ ಶುರು ಮಾಡಿದರು. ಅವರೇ ಒಮ್ಮೆ ಅಂಥ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರು. ಪುಸ್ತಕ ಓದಿದಂತೆ ಮನುಷ್ಯನನ್ನೂ ಓದಬೇಕು ಎನ್ನುವುದು ಅವರ ವಿಚಾರ.

ಪದ್ಧತಿ ಹೀಗಿದೆ. ವಿದ್ಯಾರ್ಥಿ ರೋಗಿಯ ಜೊತೆ ಕೂಡಬೇಕು. ವಾಪಸು ಬಂದು, ನಡೆದ ಮಾತನ್ನು ನೆನಪಿನಿಂದ ಒಂದೊಂದು ಸಾಲಾಗಿ ಬರೆಯಬೇಕು. ಅವರು ಏನಂದರು, ನಾನು ಏನಂದೆ, ಎಲ್ಲಿ ಇಬ್ಬರೂ ಸುಮ್ಮನಾದೆವು. ಅದನ್ನು ಗುಂಪಿನ ಮುಂದೆ ಓದಬೇಕು. ಎಲ್ಲಿ ಕೇಳಿಸಿಕೊಳ್ಳಲಿಲ್ಲ, ಎಲ್ಲಿ ಅವಸರದಲ್ಲಿ ದೇವರ ಹೆಸರು ಹೇಳಿ ಮಾತು ಮುಚ್ಚಿದ ಎಂದು ಉಳಿದವರು ತೋರಿಸುತ್ತಾರೆ.

ಅವನು ತನ್ನ ಮೊದಲ ಹಾಳೆ ತೋರಿಸಿದ. ರೋಗಿಯ ಹೆಸರಿನ ಜಾಗದಲ್ಲಿ ಬರೀ ಒಂದು ಅಕ್ಷರ. ಕಾಲು ಕಳೆದುಕೊಂಡ ರೈತ ‘ಬಿತ್ತಿಗಿ ಹೆಂಗ ಮಾಡ್ಲಿ’ ಎಂದು ಮೂರು ಸಲ ಕೇಳಿದ್ದಾನೆ. ಮೂರು ಸಲವೂ ಇವನು ‘ದೇವರು ಎಲ್ಲಾ ನೋಡಿಕೊಳ್ತಾನ’ ಅಂದಿದ್ದಾನೆ. ಅಂಚಿನಲ್ಲಿ ಗುರುಗಳು ಕೆಂಪು ಪೆನ್ನಿನಿಂದ ಒಂದೇ ಪ್ರಶ್ನೆ ಬರೆದಿದ್ದರು: ‘ಅವನ ಹೊಲ ಎಷ್ಟು ಎಕರೆ?’

ನಾವು ಆ ಹಾಳೆ ಹಿಡಿದುಕೊಂಡು ಬಹಳ ಹೊತ್ತು ಕೂತೆವು. ಡಿಪ್ಲೊಮಾದಲ್ಲಿ ನಮಗೂ ಇದನ್ನೇ ಕಲಿಸಿದ್ದರು. ಎರಡೂ ಕಡೆಯವರನ್ನು ಕೇಳು, ಹೇಳಿದ್ದನ್ನು ಹೇಳಿದಂತೆ ಬರೆ, ಗೊತ್ತಿಲ್ಲದ್ದನ್ನು ಕೇಳು. ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆವು.

ಕೊನೆಗೆ ಕೇಳಿದೆವು. ‘ಆ ಸುದ್ದಿ ಬಂದಾಗ ಏನಾಯ್ತು?’

ಅವನು ಎದ್ದು ಒಂದು ಹಳೆಯ ನೋಟ್‌ಬುಕ್ ತಂದ. ವಾರಕ್ಕೊಮ್ಮೆ ತಮ್ಮ ಒಳಗಿನ ಸ್ಥಿತಿ ಬರೆದು ಗುರುಗಳಿಗೆ ತೋರಿಸುವ ರೂಢಿ ಅಲ್ಲಿದೆ. ಒಂದು ಪುಟ ತೆರೆದು ನಮ್ಮ ಕೈಗೆ ಕೊಟ್ಟ. ವರದಿಗಾರನ ಮೇಲೆ ಸಿಟ್ಟು ಇದೆ, ಅವನಿಗೂ ಹೀಗೇ ಆಗಲಿ ಎಂದು ಮನಸ್ಸು ಬಯಸುತ್ತದೆ, ಕಾಲೇಜು ಬಿಡಬೇಕು ಅನಿಸಿದೆ ಎಂದಿತ್ತು. ಮುಂದಿನ ಪುಟಗಳಲ್ಲೂ ಅದೇ. ನಾಲ್ಕು ತಿಂಗಳು ಅದೇ.

‘ಗುರುಗಳು ಕ್ಷಮಿಸು ಅನ್ನಲಿಲ್ಲ?’

‘ಇಲ್ರಿ. ಕೀರ್ತನೆಗಳ ಪುಸ್ತಕ ಓದು ಅಂದ್ರು. 150 ಕೀರ್ತನೆ ಅದಾವು. ಮೂರರಾಗ ಒಂದು ಪಾಲು ಬರೀ ಗೋಳು, ದೂರು. ವೈರಿಗೆ ಶಾಪ ಹಾಕಿದ್ದೂ ಅದಾವು. ದೇವರ ಮುಂದ ಸಿಟ್ಟು ಮುಚ್ಚಿಡಬ್ಯಾಡ, ಅಲ್ಲೇ ಹೇಳು, ಊರಾಗ ಹೇಳಬ್ಯಾಡ ಅಂದ್ರು. ದಿನಾ ನಿಮ್ಮ ಮ್ಯಾಲ ದೂರು ಹೇಳಿದ್ನಿ ಅಣ್ಣಾರ. ಹೇಳಿ ಹೇಳಿ ಬ್ಯಾಸರಾತು. ಒಂದಿನ ನಿಮ್ಮ ಹೆಸರು ಬಂತು, ಸಿಟ್ಟು ಬರಲಿಲ್ಲ. ಅಷ್ಟ.’

ನಾವು ತಪ್ಪಾಯಿತು ಅಂದೆವು. ‘ನಮ್ಮಪ್ಪಗ ಹೇಳ್ರಿ’ ಅಂದ.

ಅವನ ಮಾತು ಸರಿ. ಆ ವಾರವೇ ಹಳ್ಳಿಗೆ ಹೋದೆವು. ಅದೇ ಮೂವತ್ತು ಕಿಲೋಮೀಟರ್, ಬೈಕಿನಲ್ಲಿ ಮುಕ್ಕಾಲು ತಾಸು. ಅವನ ಅಪ್ಪ ಮಷಿನ್ ತುಳಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಬಳಿಕ ‘ಚಾ ಕುಡೀರಿ’ ಅಂದರು. ಹೋಗಿದ್ದ ಗಿರಾಕಿಗಳಲ್ಲಿ ಕೆಲವರು ಮರಳಿದ್ದಾರಂತೆ, ಎಲ್ಲರೂ ಅಲ್ಲ. ಸ್ಪಷ್ಟನೆ ಹಾಕಿ ಎಂದು ನಾವು ಪತ್ರಿಕೆಗೆ ಕಳಿಸಿದ ನಾಲ್ಕು ಸಾಲು ಅಚ್ಚಾಗಲಿಲ್ಲ. ಹಳೆಯ ಸುದ್ದಿ, ಯಾರಿಗೆ ಬೇಕು ಅಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಆ ಐದು ಸಾಲು ಯಾರ ಫೋನಿನಲ್ಲಿ ಹೋಗಿತ್ತೋ, ಇದೂ ಅವರ ಫೋನಿಗೆ ಹೋಗಲಿ.

ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಎರಡೂ ಗೊತ್ತಿರಲಿ. ಬಲವಂತ, ಆಮಿಷ ಕಂಡರೆ ಹೇಳಿ, ನಾವು ಬಂದು ಬರೆಯುತ್ತೇವೆ. ಆದರೆ ಬಂದು, ಕೇಳಿ, ಆಮೇಲೆ ಬರೆಯುತ್ತೇವೆ.

ಈ ವರ್ಷ ಅವನ ಓದು ಮುಗಿಯಿತು. ಈಗ ಬೇರೆ ಜಿಲ್ಲೆಯ ಒಂದು ಸಣ್ಣ ಸಭೆಯಲ್ಲಿ ಹಿರಿಯ ಸಭಾಪಾಲಕರ ಕೈಕೆಳಗೆ ಇದ್ದಾನೆ. ಮೊನ್ನೆ ಫೋನಿನಲ್ಲಿ ಕೇಳಿದೆವು, ‘ನಾಲ್ಕು ವರ್ಷದಾಗ ಆತ್ಮಿಕವಾಗಿ ಎಷ್ಟು ಬೆಳೆದಿ ಅನಿಸ್ತದ?’

‘ಗೊತ್ತಿಲ್ರಿ. ಮೊದಲ ಎಲ್ಲಾ ಪ್ರಶ್ನೆಗೂ ಉತ್ತರ ಹೇಳ್ತಿದ್ನಿ. ಈಗ ಎಕರೆ ಎಷ್ಟು ಅಂತ ಕೇಳ್ತೀನಿ’ ಅಂದ.