ಪರಿವಿಡಿಯ ಕ್ರಮ

ಈ ಸಂಚಿಕೆಯ ಲೇಖನಗಳು ಹಲವು ಊರುಗಳಿಂದ ಹಲವು ರೂಪಗಳಲ್ಲಿ ಬಂದುದರಿಂದ, ವರ್ಡ್‌ನಲ್ಲಿ ಸಿದ್ಧವಾದ ಪರಿವಿಡಿಯ ಪುಟಸಂಖ್ಯೆಗಳು ಒಂದರ ಕೆಳಗೊಂದು ನಿಲ್ಲಲಿಲ್ಲ. ಕೆಲವು ಲೇಖನಗಳ ಹೆಸರೇ ಅಲ್ಲಿರಲಿಲ್ಲ. ಹಾಗೆ ಕಾಣದೆ ಹೋದವುಗಳಲ್ಲಿ, ಈಗ ನಮ್ಮನ್ನಗಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳ ಕಡೆಯ ಬರಹವೂ ಒಂದು. ಪರಿವಿಡಿಯಲ್ಲಿಯೇ ಕೈಯಿಂದ ಬರೆದು ಸೇರಿಸುವದು ವ್ಯರ್ಥ. ಪಟ್ಟಿಯನ್ನು ಪೂರ್ತಿಯಾಗಿ ನವೀಕರಿಸಿದೊಡನೆ ಅದು ಅಳಿದುಹೋಗುವದು. ಯಾಕಂದರೆ ಪರಿವಿಡಿಯು ಒಳಗಿನ ತಲೆಬರಹಗಳ ನೆರಳು ಮಾತ್ರವೇ. ಆದ್ದರಿಂದ ಆಕೆಯ ಲೇಖನದ ತಲೆಬರಹಕ್ಕೆ ಮಿಕ್ಕವುಗಳಂತೆಯೇ ‘ಹೆಡಿಂಗ್ 1’ ಶೈಲಿಯನ್ನು ಕೊಟ್ಟು, ‘ಟಿಒಸಿ 1’ ಶೈಲಿಯಲ್ಲಿ ಚುಕ್ಕಿಸಾಲಿನೊಡನೆ ಬಲಬದಿಯ ಟ್ಯಾಬನ್ನು ನಿಲ್ಲಿಸಿ, ಎಫ್9 ಒತ್ತಿದೆನು. ಸಾಲುಗಳೆಲ್ಲ ನೆಟ್ಟಗಾದವು. ಅಚ್ಚಿಗೆ ಕೊಡುವ ಮುನ್ನ, ಪುಟಗಳು ಸರಿದಿರಬಹುದೆಂದು ಮತ್ತೊಮ್ಮೆ ನವೀಕರಿಸಿದೆನು. ಆಕೆಯ ತಾಯಿಯು ಮಗಳ ಪುಟವನ್ನು ಹುಡುಕಿ ಬಳಲಬಾರದಷ್ಟೆ.