ಕಾಳಲಾದೇವಿಯ ಪ್ರವಾಸ

ಎಪ್ಪತ್ತೈದು ದಾಟಿದ ಅಪ್ಪ ಅಮ್ಮನನ್ನು ಕರೆದುಕೊಂಡು ಊರು ನೋಡಲು ಹೊರಡುವವನಿಗೆ ಕರ್ನಾಟಕದ ನಕ್ಷೆ ಬೇರೆಯೇ ಆಗಿ ಕಾಣುತ್ತದೆ. ಅದರಲ್ಲಿ ಜಿಲ್ಲೆ, ತಾಲ್ಲೂಕುಗಳಿಲ್ಲ. ಮೆಟ್ಟಿಲಿರುವ ಊರು, ಮೆಟ್ಟಿಲಿಲ್ಲದ ಊರು ಎಂದು ಎರಡೇ ವಿಭಾಗ. ಎರಡನೆಯ ವಿಭಾಗದಲ್ಲಿ ಹೆಚ್ಚು ಊರುಗಳಿಲ್ಲ. ನಮ್ಮ ದೇವರುಗಳಿಗೆ ಎತ್ತರ ಇಷ್ಟ, ರಾಜರಿಗೆ ಇನ್ನೂ ಇಷ್ಟ. ಮೇಲುಕೋಟೆಯ ಯೋಗಾನರಸಿಂಹ ಬೆಟ್ಟದ ತುದಿಗೇ ಹೋಗಿ ಕೂತಿದ್ದಾನೆ. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತಿನ ಚಮತ್ಕಾರ ಕೇಳಬೇಕೆಂದರೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲುಗಳನ್ನು ಹತ್ತಬೇಕು. ಹತ್ತಿದ ಮೇಲೆ ಪಿಸುಗುಡಲು ಉಸಿರು ಉಳಿದಿರಬೇಕು. ನೆಲಕ್ಕೆ ಹತ್ತಿರ ಎಂದುಕೊಂಡ ಬೇಲೂರಿನಲ್ಲೂ ಹೊಯ್ಸಳರು ಗುಡಿಯನ್ನು ಜಗತಿಯ ಮೇಲೆ ಎತ್ತಿಟ್ಟಿದ್ದಾರೆ.

ಕಲ್ಲು ಕಡೆದವರನ್ನು ಬಿಡಿ, ದಾರಿ ಹೇಳುವವರೂ ಕಡಿಮೆಯಿಲ್ಲ. "ಮೆಟ್ಟಿಲು ಜಾಸ್ತಿ ಇದೆಯಾ?" ಎಂದು ಕೇಳಿದರೆ, "ಏನಿಲ್ಲ ಸಾರ್, ನಾಲ್ಕೇ ಮೆಟ್ಟಿಲು" ಎನ್ನುತ್ತಾರೆ. ಈ ನಾಲ್ಕು ನಲವತ್ತರವರೆಗೂ ಹೋಗಬಹುದು. ಹೇಳಿದವರು ಸುಳ್ಳುಗಾರರಲ್ಲ, ಅವರ ಮಂಡಿಗೆ ಮೂವತ್ತು ವರ್ಷ, ಅಷ್ಟೆ. ಲಾಡ್ಜಿನವರದ್ದು ಇನ್ನೊಂದು ಬಗೆ. ಕೆಳಗಿನ ರೂಮು ಸಿಗುತ್ತದೆಯೇ ಎಂದರೆ "ಲಿಫ್ಟ್ ಇದೆ ಸಾರ್" ಎಂಬ ಉತ್ತರ. ಹೋಗಿ ನೋಡಿದರೆ ಲಿಫ್ಟ್ ಇರುವುದು ನಿಜ, ಆದರೆ ಅದನ್ನು ಮುಟ್ಟಲು ಬಾಗಿಲಿನಿಂದ ಆರು ಮೆಟ್ಟಿಲು ಹತ್ತಬೇಕು. ಕಮೋಡು ಉಂಟೇ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳು ಉಂಟೇ, ಮಂಚ ತೀರಾ ತಗ್ಗೇ ಎಂದು ನಾನು ವಿಚಾರಿಸುತ್ತಾ ಹೋದಂತೆ ಆ ಕಡೆಯ ಹುಡುಗ, ಇವರು ರೂಮು ಕೇಳುತ್ತಿದ್ದಾರೋ ಮದುವೆಗೆ ಹೆಣ್ಣು ಕೇಳುತ್ತಿದ್ದಾರೋ ಎಂಬಂತೆ ತಬ್ಬಿಬ್ಬಾಗುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ ನಾವು ಆರಿಸಿಕೊಂಡ ಊರು ಶ್ರವಣಬೆಳಗೊಳ. ಆರಿಸಿದ್ದು ಅಮ್ಮ.

ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಪ್ರತಿ ಡಿಸೆಂಬರಿನಲ್ಲೂ ಮಕ್ಕಳನ್ನು ಕೆಂಪು ಬಸ್ಸಿಗೆ ತುಂಬಿಕೊಂಡು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ಬರುತ್ತಿದ್ದರು. ಕೊರಳಲ್ಲಿ ವಿಷಲ್ಲು, ಕೈಯಲ್ಲಿ ಹಾಜರಿ ಪಟ್ಟಿ. ಬೆಟ್ಟ ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಕೆ. ಅಮ್ಮನ ಪಾಲಿಗೆ ಆ ಪ್ರವಾಸವೆಂದರೆ ಬೆಳಗಿನ ಜಾವದ ಪುಳಿಯೋಗರೆ. "ನಿಮ್ಮಪ್ಪ ವರ್ಷಾ ವರ್ಷಾ ಹೋಗಿ ಗೊಮ್ಮಟನ್ನ ನೋಡಿ ಬಂದ್ರು, ನಾನು ವರ್ಷಾ ವರ್ಷಾ ಬುತ್ತಿ ಕಟ್ಟಿದೆ," ಎಂದಳು ಒಂದು ದಿನ, ಅವರೆಕಾಳು ಬಿಡಿಸುತ್ತಾ. ದೂರಿನ ದನಿಯಲ್ಲಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ತಿರುವಲಿಲ್ಲ.

ಈಗ ಇಬ್ಬರ ಮಂಡಿಗಳೂ ಸಮಸಮ. ಅಪ್ಪನಿಗೆ ಕೋಲು, ಅಮ್ಮನಿಗೆ ಗೋಡೆ. ಬಯಲಿನಿಂದ ಸುಮಾರು 470 ಅಡಿ ಎತ್ತರದ ದೊಡ್ಡಬೆಟ್ಟ, ಬಂಡೆಯಲ್ಲೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲು, ಅದೂ ಬರಿಗಾಲಲ್ಲಿ. "ಕೆಳಗಿಂದಾನೇ ತಲೆ ಕಾಣುತ್ತೆ ಕಣೇ, ಸಾಕು," ಎಂದರು ಅಪ್ಪ. ಅಮ್ಮ ಒಪ್ಪಲಿಲ್ಲ. "1981ರ ಮಸ್ತಕಾಭಿಷೇಕದಲ್ಲಿ ಇಂದಿರಾ ಗಾಂಧಿಯೇ ಹೆಲಿಕಾಪ್ಟರ್‌ನಿಂದ ಹೂ ಸುರಿದದ್ದು," ಎಂದು ಅಪ್ಪ ಚರಿತ್ರೆಯ ಆಧಾರ ಕೊಟ್ಟರು. "ಹಾಗಾದ್ರೆ ಹೆಲಿಕಾಪ್ಟರ್ ತರಿಸಿ," ಎಂದಳು ಅಮ್ಮ. ಚರ್ಚೆ ಮುಗಿಯಿತು.

ತಯಾರಿಗೆ ಕೂತಾಗ ನನಗೆ ಹೊಳೆದದ್ದೆಂದರೆ, ಶ್ರವಣಬೆಳಗೊಳದ ಗೊಮ್ಮಟ ಅಲ್ಲಿ ನಿಂತಿರುವುದೇ ಇಂಥದೊಂದು ಪ್ರವಾಸ ಅರ್ಧಕ್ಕೆ ನಿಂತದ್ದರಿಂದ. ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯ ಸಾಮಾನ್ಯನಲ್ಲ. ಯುದ್ಧ ಗೆದ್ದವನು, 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದವನು. ಅವನ ತಾಯಿ ಕಾಳಲಾದೇವಿಗೆ, ಪೌದನಪುರದಲ್ಲಿ ಭರತ ಮಾಡಿಸಿದ ಬಾಹುಬಲಿಯ ಮೂರ್ತಿ ಇದೆ ಎಂದು ಯಾರೋ ಹೇಳಿದರು. ಆಕೆ ಅದನ್ನು ನೋಡುವ ತನಕ ಹಾಲು ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಮಗ ತಾಯಿಯನ್ನು ಕರೆದುಕೊಂಡು ಪರಿವಾರ ಸಮೇತ ಹೊರಟ. ದಾರಿಯಲ್ಲಿ ಬೆಳಗೊಳದ ಚಿಕ್ಕಬೆಟ್ಟದಲ್ಲಿ ತಂಗಿದಾಗ ಕೂಷ್ಮಾಂಡಿನಿ ದೇವಿ ಕನಸಿನಲ್ಲಿ ಬಂದು, ಪೌದನಪುರಕ್ಕೆ ಹೋಗುವ ದಾರಿ ಇನ್ನಿಲ್ಲ, ಇಲ್ಲಿಂದಲೇ ಎದುರಿನ ಬೆಟ್ಟಕ್ಕೆ ಬಾಣ ಬಿಡು ಎಂದಳು. ಬಿಟ್ಟ; ಬಾಣ ತಾಗಿದಲ್ಲಿ ಬಾಹುಬಲಿ ಕಾಣಿಸಿಕೊಂಡ. ಕತೆಯ ತಾಯಿಯೂ ಕನಸೂ ಆಮೇಲಿನ ಕೃತಿಗಳಲ್ಲಿ ಬೆಳೆದು ಬಂದವು. ಹನ್ನೆರಡನೆಯ ಶತಮಾನದ ಬೊಪ್ಪಣ ಪಂಡಿತನ ಶಾಸನ ಇನ್ನೂ ಚುಟುಕಾಗಿ ಹೇಳುತ್ತದೆ: ಆ ಊರು ದೂರ, ದಾರಿ ದುರ್ಗಮ ಎಂದು ತಿಳಿದು ಚಾವುಂಡರಾಯ ತಾನೇ ಮೂರ್ತಿಯನ್ನು ಮಾಡಿಸಿದ.

ನಾನು ನಂಬುವುದು ತಾಯಿ ಇರುವ ಕತೆಯನ್ನೇ. ವಯಸ್ಸಾದವರ ಜೊತೆ ಪ್ರಯಾಣ ಮಾಡಿದ ಯಾರಾದರೂ ಅದನ್ನೇ ನಂಬುತ್ತಾರೆ. ಅಷ್ಟು ದೊಡ್ಡ ದಂಡನಾಯಕ ಅರ್ಧ ದಾರಿಯಲ್ಲಿ ಯೋಜನೆ ಬದಲಾಯಿಸಿದ್ದು ಯಾವ ಶತ್ರುವಿಗೆ ಹೆದರಿಯೂ ಅಲ್ಲ, ಅಮ್ಮನ ಕೈಲಿ ಆಗುವುದಿಲ್ಲ ಎಂದು. ಅಮ್ಮನನ್ನು ಪೌದನಪುರಕ್ಕೆ ಒಯ್ಯಲಾಗದೆ ಪೌದನಪುರವನ್ನೇ ಅಮ್ಮ ತಂಗಿದಲ್ಲಿಗೆ ತರಿಸಿದ. 981ರಲ್ಲಿ ನಿಂತ 58 ಅಡಿಯ ಆ ಮೂರ್ತಿಗೆ ತ್ಯಾಗ, ವೈರಾಗ್ಯ, ಅಹಿಂಸೆ ಎಂದು ದೊಡ್ಡ ದೊಡ್ಡ ಅರ್ಥಗಳಿವೆ, ಇರಲಿ. ನನ್ನ ಕಣ್ಣಿಗೆ ಮಾತ್ರ ಅದು ಪ್ರವಾಸದ ಪಟ್ಟಿಯಲ್ಲಿ ಮಗನೊಬ್ಬ ಹಾಕಿದ ತಿದ್ದುಪಡಿ. ತಕರಾರು ಒಂದೇ: ತರಿಸಿದವನು ಬೆಟ್ಟದ ತಲೆಯ ಮೇಲೇಕೆ ತರಿಸಿದ? ಶಿಖರದ ಬಂಡೆಯನ್ನೇ ನಿಂತಲ್ಲಿ ಕಡೆದದ್ದು, ಬೇರೆ ದಾರಿಯಿರಲಿಲ್ಲ ಎಂದು ಶಿಲ್ಪಶಾಸ್ತ್ರ ಬಲ್ಲವರು ಸಮಾಧಾನ ಹೇಳುತ್ತಾರೆ. ಕಾಳಲಾದೇವಿ ಹತ್ತಿದ್ದು ಹೇಗೆ ಎಂದು ಮಾತ್ರ ಕತೆ ಬಾಯಿ ಬಿಡುವುದಿಲ್ಲ.

ಹತ್ತಿ ದಣಿದವರೊಬ್ಬರ ಸುದ್ದಿ ರನ್ನನಲ್ಲಿ ಸಿಗುತ್ತದೆ. ಗೊಮ್ಮಟನನ್ನು ನೋಡದೆ ಅನ್ನ ಮುಟ್ಟೆನೆಂದು ವ್ರತ ಹಿಡಿದ ಅತ್ತಿಮಬ್ಬೆ ಬೆಟ್ಟ ಹತ್ತಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ದಣಿವಾರಿಸಿತು ಎಂದು 993ರ 'ಅಜಿತಪುರಾಣ' ಹೇಳುತ್ತದೆ. ಒಬ್ಬಳು ಹಾಲು ಬಿಟ್ಟಳು, ಒಬ್ಬಳು ಅನ್ನ ಬಿಟ್ಟಳು. ನನ್ನ ಅಮ್ಮ ಬಿಟ್ಟದ್ದು ನೀರು. ವ್ರತವೇನಲ್ಲ, ದಾರಿಯಲ್ಲಿ ಶೌಚಾಲಯ ಎಲ್ಲಿ ಸಿಗುತ್ತದೋ, ಸಿಕ್ಕರೆ ಹೇಗಿರುತ್ತದೋ ಎಂಬ ಭಯ. ಹೊರಡುವ ಹಿಂದಿನ ಸಂಜೆಯಿಂದಲೇ ಲೋಟ ದೂರ ತಳ್ಳುತ್ತಾಳೆ, ಬಿ.ಪಿ.ಯ ಜೊತೆಗಿನ ನೀರಿನ ಮಾತ್ರೆಯನ್ನು ಸದ್ದಿಲ್ಲದೆ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಆದ್ದರಿಂದ ನಮ್ಮ ಪ್ರವಾಸದ ಮೊದಲ ಕೆಲಸವೆಂದರೆ ಹೆದ್ದಾರಿಯುದ್ದಕ್ಕೂ ಕಮೋಡಿರುವ ಹೋಟೆಲುಗಳನ್ನು ಗೊತ್ತು ಮಾಡಿಕೊಂಡು, ಅವುಗಳ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಮ್ಮನ ಕೈಗೆ ಕೊಡುವುದು. ಚೀಟಿ ಕೈಗೆ ಬಂದ ಮೇಲೆ ಅವಳು ನೀರು ಕುಡಿದಳು.

ಎರಡನೆಯ ಕೆಲಸ ಗಾಲಿಕುರ್ಚಿ. ಈಗ ಕಾರಿನ ಡಿಕ್ಕಿಯಲ್ಲಿ ಮಡಿಸಿಡುವ ಕುರ್ಚಿಯ ಹಿಂದೆಯೂ ಪ್ರವಾಸದ ಆಸೆಯೇ ಇದೆ. ಅಮೆರಿಕದ ಗಣಿ ಇಂಜಿನಿಯರ್ ಹರ್ಬರ್ಟ್ ಎವರೆಸ್ಟ್ 1918ರ ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡ. ಆಗಿನ ಗಾಲಿಕುರ್ಚಿ ಮಡಿಸಲು ಬಾರದ ಭಾರಿ ವಸ್ತು, ಕಾರಿಗೆ ಹತ್ತುತ್ತಿರಲಿಲ್ಲ. ಅವನೂ ಗೆಳೆಯ ಹ್ಯಾರಿ ಜೆನ್ನಿಂಗ್ಸನೂ ಸೇರಿ 1930ರ ದಶಕದಲ್ಲಿ ಉಕ್ಕಿನ ಕೊಳವೆಗಳನ್ನು ಕತ್ತರಿಯಾಕಾರದಲ್ಲಿ ಜೋಡಿಸಿ, ಎತ್ತಿದರೆ ಮುಚ್ಚಿಕೊಳ್ಳುವ ಕುರ್ಚಿ ಮಾಡಿದರು. ಹತ್ತಲಾರದವರಿಗೆ ಕುರ್ಚಿ ಕೊಟ್ಟವನ ಹೆಸರು ಎವರೆಸ್ಟ್ ಎಂದು ಹೇಳಿದರೆ ಅಪ್ಪ ನಕ್ಕರು, ಅಮ್ಮ ನಗಲಿಲ್ಲ. "ನನಗೇನು ಕಾಲಿಲ್ವಾ?" ಕೊನೆಗೆ ಅದರ ಸೀಟಿನ ಮೇಲೆ ನೀರಿನ ಬಾಟಲು, ಮಾತ್ರೆಯ ಡಬ್ಬಿ, ಶಾಲು ಎಲ್ಲ ಇಟ್ಟು, ಹಿಂದಿನ ಹಿಡಿಕೆ ಹಿಡಿದು ತಾನೇ ತಳ್ಳಿಕೊಂಡು ನಡೆದಳು. ನೋಡಿದವರಿಗೆ ಅಜ್ಜಿ ಯಾರದೋ ಕುರ್ಚಿ ತಳ್ಳುತ್ತಿದ್ದಾರೆ. ಭಾರವೆಲ್ಲ ಆ ಹಿಡಿಕೆಯ ಮೇಲಿದೆ ಎಂಬುದು ನಮಗಷ್ಟೇ ಗೊತ್ತು.

ಬೆಂಗಳೂರಿನಿಂದ ಸುಮಾರು 145 ಕಿಲೋಮೀಟರ್. ಬಂಡೆ ಕಾಯುವ ಮೊದಲೇ ಮುಟ್ಟಬೇಕೆಂದು ಕತ್ತಲಿರುವಾಗಲೇ ಹೊರಟೆವು. ಹಿರೀಸಾವೆ ದಾಟಿ ತಿರುಗಿದ ಮೇಲೆ ಬೆಟ್ಟದ ನೆತ್ತಿಯಲ್ಲಿ ತಲೆಯನ್ನು ಮೊದಲು ಕಂಡವಳು ಅಮ್ಮ.

ಬೆಟ್ಟದ ಬುಡದಲ್ಲಿ ಡೋಲಿಯವರಿದ್ದರು. ಒಂದು ಬೆತ್ತದ ಕುರ್ಚಿ, ಎರಡು ಬದಿಗೆ ಉದ್ದನೆಯ ಗಳ, ನಾಲ್ಕು ಹೆಗಲು. ಅಮ್ಮ ಹಿಂಜರಿದಳು. ನನ್ನ ಭಾರ ಇನ್ನೊಬ್ಬರ ಮೇಲೆ ಹೊರಿಸಿ ದೇವರನ್ನು ನೋಡುವುದು ಯಾವ ನ್ಯಾಯ ಎಂಬುದು ಅವಳ ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮೇನೆ, ಪಲ್ಲಕ್ಕಿಗಳ ಕಾಲ ಮುಗಿಯಿತು ಎಂದು ನಾವು ಹೇಳಿಕೊಂಡರೂ ಬೆಟ್ಟಗಳ ಬುಡದಲ್ಲಿ ಅದು ಮುಗಿದಿಲ್ಲ. ಉತ್ತರ ಕೊಟ್ಟವನು ನಡುವಯಸ್ಸಿನ ಡೋಲಿಯಾಳು: "ಅಜ್ಜೀ, ನೀವೆಲ್ಲ ಹಂಗಂದ್ಬಿಟ್ರೆ ನಮ್ಮನೆ ಒಲೆ ಉರಿಯೋದು ಹೆಂಗೆ?" ಅಮ್ಮ ಕೂತಳು. ಅವನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಗಿಟ್ಟು ಗಳ ಎತ್ತಿಕೊಂಡ. ನಾನು ಪಕ್ಕದಲ್ಲಿ ಹೆಜ್ಜೆ ಹಾಕಿದೆ. ಅಖಂಡ ಬಾಗಿಲಿನ ಹತ್ತಿರ ಉಸಿರಾಡಲೆಂದು ಇಳಿಸಿದಾಗ ಅಮ್ಮ ಅವನನ್ನೇ ಕೇಳಿದಳು:

"ಮಂಡಿ ನೋಯಲ್ವೇನಪ್ಪಾ?"

"ಹತ್ತೋವಾಗ ಇಲ್ಲ ಅಜ್ಜಿ. ಇಳಿಯೋವಾಗ ಜೀವ ಹೋಯ್ತದೆ."

"ನನಗೂ ಹಂಗೇ ಕಣಪ್ಪಾ," ಎಂದಳು ಅಮ್ಮ. ಅಲ್ಲಿಂದ ಮೇಲೆ ಆ ನಾಲ್ವರಿಗೂ ಅವಳಿಗೂ ಮಾತಿಗೆ ಕೊರತೆಯಾಗಲಿಲ್ಲ. ಯಾವ ಎಣ್ಣೆ, ಯಾವ ಸೊಪ್ಪು, ಎಷ್ಟು ಹೊತ್ತು ಕಾವು ಕೊಡಬೇಕು.

ಗೊಮ್ಮಟನ ಮುಂದೆ ಅಮ್ಮ ಕತ್ತೆತ್ತಿ ಮುಖ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಕಾಲು ನೋಡಿದಳು. ಪಾದದ ಇಕ್ಕೆಲದಲ್ಲಿ ಹುತ್ತ, ಹುತ್ತದಿಂದ ಇಣುಕುವ ಹಾವು, ಕಾಲನ್ನು ಸುತ್ತಿ ತೊಡೆ ದಾಟಿ ತೋಳಿಗೇರುವ ಮಾಧವಿ ಬಳ್ಳಿ. "ವರ್ಷಗಟ್ಟಲೆ ಒಂದೇ ಕಡೆ ನಿಂತ್ರೂ ಮಂಡಿ ಹಿಡಿಯಲಿಲ್ವಲ್ಲ, ಅದೇ ತಪಸ್ಸು," ಎಂದಳು. ಹೊರಡುವ ಮುಂಚೆ ಗುಳ್ಳಕಾಯಜ್ಜಿಯ ಮೂರ್ತಿ ತೋರಿಸಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಪಾದ ಮುಟ್ಟಲಿಲ್ಲವಂತೆ. ಈ ಮುದುಕಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದು ಗುಟುಕು ಹಾಲು ನೆತ್ತಿಯಿಂದ ಪಾದದವರೆಗೆ ಹರಿಯಿತಂತೆ. ಮಂತ್ರಿಯ ಗರ್ವ ಇಳಿಯಿತು ಎಂದು ಎಲ್ಲರೂ ಹೇಳುವ ಪಾಠ. ಅಮ್ಮ ಆ ಪಾಠಕ್ಕೆ ಹೋಗಲೇ ಇಲ್ಲ. "ಕೈಯಲ್ಲಿ ಹಾಲು ಹಿಡಿದುಕೊಂಡು, ಗೋಡೆ ಹಿಡಿಯೋದಕ್ಕೂ ಕೈಯಿಲ್ದೆ ಹತ್ತಿದಳಲ್ಲ ಪುಣ್ಯಾತ್ಗಿತ್ತಿ!"

ಇತ್ತ ಅಪ್ಪ ನನ್ನ ಹೆಂಡತಿಯ ಜೊತೆ ಕೆಳಗೇ ಉಳಿದಿದ್ದರು. ಪಾಪ, ಬೇಸರವಾಗಿರುತ್ತದೆ ಎಂದುಕೊಂಡು ಇಳಿದರೆ ಅವರ ಮುಖದಲ್ಲಿ ಹೊಸ ಪಾಠ ಸಿಕ್ಕ ಮೇಷ್ಟ್ರ ಹುರುಪು. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೆ ಹೋಗಿ ಇಪ್ಪತ್ತನಾಲ್ಕು ತೀರ್ಥಂಕರರನ್ನು ಸಾಲಾಗಿ ನೋಡಿದ್ದರು. ಅದಾದ ಮೇಲೆ ಅಕ್ಕನ ಬಸದಿ. ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಎರಡೂ ಬೆಟ್ಟಗಳ ನಡುವಿನ ಕಲ್ಯಾಣಿಯ ದಂಡೆಯಲ್ಲಿ ಕೂತು ಒಂದು ಎಳನೀರೂ ಕುಡಿದಿದ್ದರು. ಅಷ್ಟು ವರ್ಷ ಶಾಲೆಯ ಮಕ್ಕಳ ಜೊತೆ ಬಂದಾಗ ಇವು ಯಾವುದಕ್ಕೂ ಬಿಡುವಿರಲಿಲ್ಲ: ಹತ್ತು, ಎಣಿಸು, ಇಳಿ, ಎಣಿಸು, ಬಸ್ಸು. ಕಾರಿನಲ್ಲಿ ಅಮ್ಮ ಬೆಟ್ಟದ ಮೇಲಿನ ಸುದ್ದಿ ಹೇಳಿದರೆ ಅಪ್ಪ ಕೆಳಗಿನ ಸುದ್ದಿ ಹೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ತಿದ್ದಿದರು. ಹಳೇಬೀಡನ್ನು ಪಟ್ಟಿಯಿಂದ ಹೊಡೆದು ಹಾಕಿದಾಗ ಯಾರೂ ಕೇಳಲಿಲ್ಲ.

ನೋಡಬೇಕಾದದ್ದೆಲ್ಲ ತುದಿಯಲ್ಲೇ ಇದೆ ಎಂಬುದು ಗಟ್ಟಿ ಕಾಲಿನವರು ಕಟ್ಟಿದ ನಂಬಿಕೆ. ಪ್ರತಿ ಸ್ಮಾರಕದ ಮುಂದಿನ ಫಲಕದಲ್ಲಿ ಕಟ್ಟಿಸಿದವರ ಹೆಸರು, ವರ್ಷ, ಶೈಲಿ ಎಲ್ಲ ಇರುತ್ತದೆ. ಅದರ ಕೆಳಗೆ ಮೆಟ್ಟಿಲೆಷ್ಟು, ಕೈಪಿಡಿ ಯಾವ ಬದಿಗಿದೆ, ಕೂರಲು ಕಲ್ಲುಬೆಂಚು ಎಲ್ಲಿದೆ, ಶೌಚಾಲಯ ಎಷ್ಟು ದೂರ ಎಂದು ಇನ್ನೆರಡು ಸಾಲು ಬರೆದರೆ ಇತಿಹಾಸಕ್ಕೇನೂ ಕುಂದಾಗದು. ಹಂಪಿಯಲ್ಲಿ ವಿಜಯವಿಠ್ಠಲ ಗುಡಿಯ ತನಕ ಬ್ಯಾಟರಿ ಬಂಡಿ ಓಡಿಸಿದ್ದರಿಂದ ಕಲ್ಲಿನ ರಥದ ಮಹಿಮೆ ಕಡಿಮೆಯಾಗಲಿಲ್ಲ. ನೋಡಿದ ಅಜ್ಜ ಅಜ್ಜಿಯರ ಸಂಖ್ಯೆ ಹೆಚ್ಚಿತು, ಅಷ್ಟೆ. ಚಾವುಂಡರಾಯನಷ್ಟು ಅಧಿಕಾರ ನಮಗಿಲ್ಲ, ಬೆಟ್ಟದಷ್ಟು ಬಂಡೆಯೂ ಇಲ್ಲ. ಪಟ್ಟಿಯಿಂದ ಎರಡು ಊರು ಹೊಡೆದು ಒಂದು ಬೆಂಚು ಸೇರಿಸಲು ಅವೆರಡೂ ಬೇಕಾಗಿಲ್ಲ.

ಮುಂದಿನ ಊರನ್ನೂ ಅಮ್ಮನೇ ಗೊತ್ತು ಮಾಡಿದ್ದಾಳೆ: ಬಾದಾಮಿ. ಗುಹೆಗಳಿಗೆ ಮೆಟ್ಟಿಲು ಬಹಳ ಎಂದು ನಾನು ರಾಗ ಎಳೆಯುವ ಮುನ್ನವೇ ಹೇಳಿದಳು: "ಗುಹೆ ನೀವು ನೋಡ್ಕೊಂಡು ಬನ್ನಿ. ನಾನೂ ನಿಮ್ಮಪ್ಪನೂ ಅಗಸ್ತ್ಯತೀರ್ಥದ ದಡದಲ್ಲಿರ್ತೀವಿ. ಭೂತನಾಥ ನೀರಿನ ಅಂಚಲ್ಲೇ ಇದಾನಂತೆ, ವಿಚಾರಿಸಿದೀನಿ."